ಪ್ರೊಸೆಸರ್‌ನ ಅತಿವೇಗ ಚಾಲನೆ: ವೋಲ್ಟೇಜ್ ಮತ್ತು ಉಷ್ಣತೆಯ ಲೆಕ್ಕಾಚಾರ

ಬೆಂಗಳೂರಿನ ಬಳ್ಳಾರಿ ರಸ್ತೆಗೆ ಹೊಂದಿಕೊಂಡಿರುವ ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳ ಮೊದಲಾದ ಬಡಾವಣೆಗಳಲ್ಲಿ ಸಣ್ಣ ಕಚೇರಿಗಳಿಗೆ ಕೊರತೆಯಿಲ್ಲ. ಕಟ್ಟಡ ನಕ್ಷೆ ತಯಾರಿಸುವವರು, ಮುದ್ರಣ ವಿನ್ಯಾಸಕಾರರು, ವಿಡಿಯೊ ಸಂಕಲನಕಾರರು, ಪೀಣ್ಯದ ಕಾರ್ಖಾನೆಗಳಿಗೆ ಅಚ್ಚು ಹಾಗೂ ಬಿಡಿಭಾಗಗಳ ನಕ್ಷೆ ಬರೆದುಕೊಡುವವರು ಇವರೆಲ್ಲರಿಗೂ ಉತ್ಪಾದನಾ ಯಂತ್ರವೆಂದರೆ ಗಣಕಯಂತ್ರವೇ. ಲೇತ್ ಯಂತ್ರದ ವೇಗವನ್ನು ಹೆಚ್ಚಿಸಿದರೆ ದಿನಕ್ಕೆ ಹತ್ತು ಬಿಡಿಭಾಗ ಹೆಚ್ಚು ದೊರೆಯುತ್ತದೆ ಎಂದು ಲೆಕ್ಕ ಹಾಕುವ ಉದ್ಯಮಿಗೆ, ಗಣಕಯಂತ್ರದ ವೇಗವನ್ನೂ ಹಾಗೆಯೇ ಹೆಚ್ಚಿಸಬಹುದಲ್ಲವೇ ಎಂಬ ಪ್ರಶ್ನೆ ಮೂಡುವುದು ಸಹಜ. ಯಂತ್ರ ಜೋಡಿಸಿಕೊಡುವ ಅಂಗಡಿಯಾತನೂ ಸ್ವಲ್ಪ ಹೆಚ್ಚು ಹಣಕ್ಕೆ ಅದೇ ಪ್ರೊಸೆಸರನ್ನು ನೂರಕ್ಕೆ ಹತ್ತು-ಹದಿನೈದರಷ್ಟು ವೇಗವಾಗಿ ಓಡಿಸಿಕೊಡುವುದಾಗಿ ಹೇಳಿದಾಗ, ಅದು ಬಿಟ್ಟಿ ಲಾಭವೆಂದೇ ತೋರುತ್ತದೆ. ಓವರ್‌ಕ್ಲಾಕಿಂಗ್ ಎಂದು ಕರೆಯಲಾಗುವ ಈ ಪದ್ಧತಿಯಲ್ಲಿ ಏನು ದೊರೆಯುತ್ತದೆ, ಏನು ಕಳೆಯುತ್ತದೆ, ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಪ್ರೊಸೆಸರ್ ತನ್ನ ಕೆಲಸವನ್ನು ಗಡಿಯಾರದ ಬಡಿತದಂತಹ ಒಂದು ಲಯಕ್ಕೆ ಅನುಸಾರವಾಗಿ ನಡೆಸುತ್ತದೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಪ್ರತಿಯೊಂದು ಬಡಿತದ ಅವಧಿಯೊಳಗೆ ಲಕ್ಷಾಂತರ ಟ್ರಾನ್ಸಿಸ್ಟರ್‌ಗಳು ತಮ್ಮ ಸ್ಥಿತಿಯನ್ನು ಬದಲಿಸಿ ಮುಗಿಸಿರಬೇಕು. ಬಡಿತವನ್ನು ಶೀಘ್ರಗೊಳಿಸಿದರೆ ಅವುಗಳಿಗೆ ದೊರೆಯುವ ಅವಧಿ ಕಡಿಮೆಯಾಗುತ್ತದೆ. ಯಾವುದೋ ಒಂದು ಮಂಡಲ ಸಕಾಲದಲ್ಲಿ ಮುಗಿಸದಿದ್ದರೆ ಲೆಕ್ಕ ತಪ್ಪುತ್ತದೆ. ಅದನ್ನು ತಡೆಯಲು ವೋಲ್ಟೇಜನ್ನು ಏರಿಸುತ್ತಾರೆ, ಏಕೆಂದರೆ ಹೆಚ್ಚು ವೋಲ್ಟೇಜಿನಲ್ಲಿ ಟ್ರಾನ್ಸಿಸ್ಟರ್ ಬೇಗ ಬದಲಾಗುತ್ತದೆ. ಇಲ್ಲಿಂದಲೇ ವೆಚ್ಚ ಆರಂಭವಾಗುತ್ತದೆ.

ವೇಗದ ಬೆಲೆ

ಪ್ರೊಸೆಸರ್ ಬಳಸುವ ವಿದ್ಯುತ್ತಿನ ಮುಖ್ಯ ಭಾಗವು ವೇಗಕ್ಕೆ ನೇರ ಪ್ರಮಾಣದಲ್ಲಿಯೂ ವೋಲ್ಟೇಜಿಗೆ ವರ್ಗ ಪ್ರಮಾಣದಲ್ಲಿಯೂ ಏರುತ್ತದೆ. ಸಾಲದ ಲೆಕ್ಕದಲ್ಲಿ ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ವ್ಯತ್ಯಾಸವನ್ನು ಬಲ್ಲ ವರ್ತಕರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಉದಾಹರಣೆಗೆ, 1.20 ವೋಲ್ಟಿನಲ್ಲಿ 4.0 ಗಿಗಾಹರ್ಟ್ಸ್ ವೇಗದಲ್ಲಿ 125 ವಾಟ್ ಬಳಸುವ ಪ್ರೊಸೆಸರನ್ನು 1.32 ವೋಲ್ಟಿಗೆ ಏರಿಸಿ 4.6 ಗಿಗಾಹರ್ಟ್ಸ್‌ನಲ್ಲಿ ಓಡಿಸಿದರೆಂದು ಭಾವಿಸೋಣ. ವೇಗದ ಹೆಚ್ಚಳ ಶೇ. 15. ವೋಲ್ಟೇಜಿನ ಹೆಚ್ಚಳ ಶೇ. 10, ಅದರ ವರ್ಗ 1.21. ಎರಡನ್ನೂ ಗುಣಿಸಿದರೆ 1.39 ಬರುತ್ತದೆ. ಅಂದರೆ ಶೇ. 15ರ ವೇಗಕ್ಕಾಗಿ ಶೇ. 39ರಷ್ಟು ಹೆಚ್ಚುವರಿ ಶಾಖವನ್ನು ಹೊತ್ತುಕೊಂಡಂತಾಯಿತು. 125 ವಾಟ್ 174 ವಾಟ್ ಆಯಿತು. ಇದರ ಮೇಲೆ ಸೋರಿಕೆ ಪ್ರವಾಹವೆಂಬ ಇನ್ನೊಂದು ಬಾಬ್ತು ಇದೆ. ಬಿಸಿ ಏರಿದಂತೆ ಸೋರಿಕೆ ಏರುತ್ತದೆ, ಸೋರಿಕೆ ಏರಿದಂತೆ ಬಿಸಿ ಏರುತ್ತದೆ. ಆದ್ದರಿಂದ ಮೇಲಿನ ಅಂಕಿ ಕನಿಷ್ಠವೆಂದೇ ತಿಳಿಯಬೇಕು.

174 ವಾಟ್ ಎಂಬುದು ಒಂದು ಹಳೆಯ ಬಲ್ಬಿನ ಪ್ರಮಾಣವಷ್ಟೇ ಎಂದು ತೋರಬಹುದು. ಆದರೆ ಅದು 1.32 ವೋಲ್ಟಿನಲ್ಲಿ ಹರಿಯಬೇಕಾದುದರಿಂದ ಪ್ರವಾಹ ಸುಮಾರು 132 ಆಂಪಿಯರ್ ಆಗುತ್ತದೆ. ಇದು ಪೀಣ್ಯದ ಕಾರ್ಯಾಗಾರದಲ್ಲಿ ಸಾಮಾನ್ಯ ವೆಲ್ಡಿಂಗ್ ಕೆಲಸಕ್ಕೆ ಬಳಸುವ ಪ್ರವಾಹಕ್ಕೆ ಸಮ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಸಿಲಿಕಾನ್ ತುಂಡಿನೊಳಗೆ ಅದು ಹರಿಯುತ್ತಿರುತ್ತದೆ.

ಈ ನಿಯಮಕ್ಕೆ ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಸಾಕ್ಷ್ಯವಿದೆ. ಇಂಟೆಲ್ ಸಂಸ್ಥೆಯ ಬೆಂಗಳೂರು ಕೇಂದ್ರದ ಎಂಜಿನಿಯರರು ವಿನ್ಯಾಸಗೊಳಿಸಿದ, ಡನಿಂಗ್‌ಟನ್ ಎಂಬ ಸಂಕೇತನಾಮದ 6 ಕೋರ್‌ಗಳ ಪ್ರೊಸೆಸರ್ 2008ರ ಸೆಪ್ಟೆಂಬರ್‌ನಲ್ಲಿ ಕ್ಸಿಯಾನ್ 7400 ಸರಣಿಯಾಗಿ ಮಾರುಕಟ್ಟೆಗೆ ಬಂದಿತು. 45 ನ್ಯಾನೊಮೀಟರ್ ತಂತ್ರದ, 190 ಕೋಟಿ ಟ್ರಾನ್ಸಿಸ್ಟರ್‌ಗಳ ಆ ಒಂದೇ ವಿನ್ಯಾಸವನ್ನು ಕಂಪನಿ ಹಲವು ದರ್ಜೆಗಳಲ್ಲಿ ಮಾರಿತು. 2.13 ಗಿಗಾಹರ್ಟ್ಸ್ ವೇಗದ 6 ಕೋರ್‌ಗಳ ಎಲ್7455ಕ್ಕೆ ನಿಗದಿಯಾದ ಶಾಖದ ಮಿತಿ 65 ವಾಟ್; 2.66 ಗಿಗಾಹರ್ಟ್ಸ್ ವೇಗದ ಎಕ್ಸ್7460ಕ್ಕೆ 130 ವಾಟ್. ಎರಡರ ನಡುವೆ ಕ್ಯಾಶ್ ಸ್ಮರಣೆಯ ಅಲ್ಪ ವ್ಯತ್ಯಾಸವಿದೆಯಾದರೂ ಒಟ್ಟು ಚಿತ್ರ ಸ್ಪಷ್ಟ: ಕಾಲು ಭಾಗ ಹೆಚ್ಚು ವೇಗಕ್ಕೆ ಶಾಖದ ಮಿತಿ ಇಮ್ಮಡಿ. ತಯಾರಕರೇ ಆಯ್ದು, ಪರೀಕ್ಷಿಸಿ, ದರ್ಜೆ ಕಟ್ಟಿ ಮಾರಿದ ಸರಕಿನ ಸ್ಥಿತಿಯೇ ಹೀಗಿರುವಾಗ ಅಂಗಡಿಯಲ್ಲಿ ಒಂದು ಗಂಟೆಯ ಪರೀಕ್ಷೆಯ ನಂತರ ನೀಡುವ ಭರವಸೆಯನ್ನು ಎಷ್ಟು ನಂಬಬೇಕೆಂಬುದನ್ನು ಗ್ರಾಹಕರೇ ತೀರ್ಮಾನಿಸಬೇಕು.

ಎರಡು ವೋಲ್ಟೇಜ್‌ಗಳು

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ವೋಲ್ಟೇಜ್ ಎಂದೊಡನೆ ವರ್ತಕರ ಮನಸ್ಸಿಗೆ ಬರುವುದು ಬೆಸ್ಕಾಂ ಪೂರೈಸುವ 230 ವೋಲ್ಟ್ ಮತ್ತು ಗೋಡೆಯ ಮೇಲಿನ ಸ್ಟೆಬಿಲೈಸರ್. ಗಂಗಾನಗರದಿಂದ ಕೂಗಳತೆಯಲ್ಲಿರುವ ಸದಾಶಿವನಗರದಲ್ಲಿ 1960ರಿಂದ ಕಾರ್ಯ ನಿರ್ವಹಿಸುತ್ತಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪರೀಕ್ಷಿಸುವ ಟ್ರಾನ್ಸ್‌ಫಾರ್ಮರು, ಕೇಬಲ್ಲುಗಳೆಲ್ಲ ಈ ಲೋಕಕ್ಕೆ ಸೇರಿದವು. ಪ್ರೊಸೆಸರ್‌ನ ವೋಲ್ಟೇಜ್ ಬೇರೆಯೇ ವ್ಯವಹಾರ. ಗಣಕಯಂತ್ರದ ಪವರ್ ಸಪ್ಲೈ 230 ವೋಲ್ಟನ್ನು 12 ವೋಲ್ಟಿಗೆ ಇಳಿಸುತ್ತದೆ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್‌ನ ಸುತ್ತ ಇರುವ ನಿಯಂತ್ರಕ ಮಂಡಲಗಳು ಆ 12 ವೋಲ್ಟನ್ನು 1 ವೋಲ್ಟಿನ ಆಸುಪಾಸಿಗೆ ಇಳಿಸುತ್ತವೆ. ಅತ್ಯುತ್ತಮ ಸ್ಟೆಬಿಲೈಸರ್ ಸಹ ಈ ಕೊನೆಯ ಹಂತವನ್ನು ಮುಟ್ಟಲಾರದು.

ಆದರೆ ಎರಡೂ ಲೋಕಗಳು ಸಂಪೂರ್ಣ ಬೇರೆಯೆಂದೂ ಹೇಳುವಂತಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ವಿದ್ಯುತ್ ಹೋಗಿ ಬಂದಾಗ ಯು.ಪಿ.ಎಸ್. ತನ್ನ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಆ ಅವಧಿಯನ್ನು ಪವರ್ ಸಪ್ಲೈ ತನ್ನೊಳಗಿನ ಕೆಪಾಸಿಟರ್‌ನ ಸಂಗ್ರಹದಿಂದ ತುಂಬಿಕೊಡಬೇಕು. ಯಂತ್ರದ ಹೊರೆ ಹೆಚ್ಚಿದಷ್ಟೂ ಆ ಸಂಗ್ರಹ ಬೇಗ ಬರಿದಾಗುತ್ತದೆ. ಸಾಧಾರಣ ವೇಗದಲ್ಲಿ ಅಂತಹ ಕ್ಷಣವನ್ನು ದಾಟಿಕೊಳ್ಳುವ ಯಂತ್ರ ಅತಿವೇಗದಲ್ಲಿ ದಾಟದೆ ಇದ್ದಕ್ಕಿದ್ದಂತೆ ಪುನಃ ಆರಂಭವಾಗುವುದುಂಟು. ಆಗ ದೂರು ಬರುವುದು ಯು.ಪಿ.ಎಸ್. ಮಾರಿದವನಿಗೆ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಪ್ರೊಸೆಸರ್ ಏಕಾಏಕಿ ಹೆಚ್ಚು ಪ್ರವಾಹ ಎಳೆದಾಗ ಅದಕ್ಕೆ ತಲುಪುವ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಈ ಕುಸಿತ ದೋಷವಲ್ಲ, ಉದ್ದೇಶಪೂರ್ವಕವಾಗಿ ಇಟ್ಟ ವ್ಯವಸ್ಥೆ. ಹೊರೆ ಏಕಾಏಕಿ ಇಳಿದಾಗ ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಚಿಮ್ಮುವುದಕ್ಕೆ ಅದು ಜಾಗ ಬಿಟ್ಟುಕೊಡುತ್ತದೆ. ಅತಿವೇಗ ಚಾಲನೆಯ ಉತ್ಸಾಹಿಗಳು ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆಯನ್ನು ಗರಿಷ್ಠಕ್ಕೆ ಇಟ್ಟು ಈ ಕುಸಿತವನ್ನು ಅಳಿಸಿಹಾಕುತ್ತಾರೆ. ಪರದೆಯ ಮೇಲೆ ವೋಲ್ಟೇಜ್ ಅಚಲವಾಗಿ ತೋರುತ್ತದೆ. ಹೊರೆ ಇಳಿದ ಕ್ಷಣದ ಚಿಮ್ಮುವಿಕೆ ಮಾತ್ರ ಯಾವ ತಂತ್ರಾಂಶದ ಪರದೆಯಲ್ಲಿಯೂ ಕಾಣಿಸದು. ಅದನ್ನು ಹಿಡಿಯಲು ಆಸಿಲೋಸ್ಕೋಪ್ ಬೇಕು. ಮಧ್ಯಮ ಹಂತದ ಆಯ್ಕೆಯನ್ನು ಮೀರಬಾರದೆಂಬುದು ಅನುಭವಿಗಳ ಸಲಹೆ, ಮತ್ತು ಅದು ಯುಕ್ತವಾದುದೇ.

ಉಷ್ಣತೆ: ಬೆಂಗಳೂರಿನ ಹವೆಯ ಭ್ರಮೆ

ಬೆಂಗಳೂರಿನದು ತಂಪು ಹವೆ, ಇಲ್ಲಿ ಯಂತ್ರ ಬಿಸಿಯಾಗುವ ಭಯವಿಲ್ಲ ಎಂಬ ಮಾತು ಹಳೆಯ ಕಾಲದ್ದು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಡಿಸೆಂಬರಿನಲ್ಲಿ ಪರೀಕ್ಷಿಸಿ ಸೈ ಎನ್ನಿಸಿಕೊಂಡ ಯಂತ್ರ ಏಪ್ರಿಲಿನಲ್ಲಿ ಕೈಕೊಡುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೂಲರ್ ಎಂಬ ಶೈತ್ಯಸಾಧನ ಪ್ರೊಸೆಸರನ್ನು ಕೊಠಡಿಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಗಾಳಿಯಿಂದಾಗಲಿ ನೀರಿನಿಂದಾಗಲಿ, ಅದು ಕೊಠಡಿಯ ಉಷ್ಣತೆಯ ಮೇಲೆ ಎಷ್ಟು ಡಿಗ್ರಿ ಏರಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ.

ಲೆಕ್ಕ ಹೀಗಿದೆ. ಪ್ರತಿ ವಾಟಿಗೆ 0.3 ಡಿಗ್ರಿ ಏರಿಕೆಯಾಗುವ ಒಂದು ಒಳ್ಳೆಯ ಕೂಲರ್ ಇದೆಯೆಂದುಕೊಳ್ಳೋಣ. 125 ವಾಟಿಗೆ 37.5 ಡಿಗ್ರಿ ಏರಿಕೆ; 174 ವಾಟಿಗೆ ಸುಮಾರು 52 ಡಿಗ್ರಿ. ಹವಾನಿಯಂತ್ರಿತ ಕೊಠಡಿಯಲ್ಲಿ 26 ಡಿಗ್ರಿ ಇದ್ದಾಗ ಪ್ರೊಸೆಸರ್ ಕ್ರಮವಾಗಿ 63.5 ಮತ್ತು 78 ಡಿಗ್ರಿ ತಲುಪುತ್ತದೆ. ರಾತ್ರಿ ಎಂಟಕ್ಕೆ ಕಚೇರಿಯವರು ಏರ್ ಕಂಡಿಷನರ್ ಆರಿಸಿ, ಕಿಟಕಿ ಮುಚ್ಚಿ, ಚಿತ್ರ ರೆಂಡರ್ ಮಾಡಲು ಯಂತ್ರವನ್ನು ಮಾತ್ರ ಬಿಟ್ಟು ಹೊರಡುತ್ತಾರೆ. ಅಂತಹ ಕೊಠಡಿಯಲ್ಲಿ ನಾಲ್ಕು ಯಂತ್ರಗಳಿದ್ದರೆ ಒಳಗಿನ ಗಾಳಿ 36 ಡಿಗ್ರಿ ತಲುಪುವುದು ಆಶ್ಚರ್ಯವಲ್ಲ. ಆಗ ಅತಿವೇಗದ ಪ್ರೊಸೆಸರ್ 88 ಡಿಗ್ರಿಯಲ್ಲಿರುತ್ತದೆ. ಅದರ ಮೇಲೆ ಬಳ್ಳಾರಿ ರಸ್ತೆಯ ಧೂಳು ಕೂಲರ್‌ನ ರೆಕ್ಕೆಗಳ ನಡುವೆ ಆರು ತಿಂಗಳು ಕುಳಿತಿದ್ದರೆ, ವಾಹಕ ಲೇಪ ಒಣಗಿದ್ದರೆ, ಉಳಿದ ಹನ್ನೆರಡು ಡಿಗ್ರಿಯೂ ಕರಗಿಹೋಗುತ್ತದೆ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿಯಲ್ಲಿ, ಎ.ಎಂ.ಡಿ.ಯ ರೈಜನ್ 7000 ಸರಣಿಯ ಹಲವು ಮಾದರಿಗಳು 95 ಡಿಗ್ರಿಯಲ್ಲಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಹಣ ಕೊಟ್ಟು ಪಡೆದ ಹೆಚ್ಚುವರಿ ವೇಗ ಯಾರಿಗೂ ತಿಳಿಯದಂತೆ ಮಧ್ಯರಾತ್ರಿ ಇಳಿದುಹೋಗುತ್ತದೆ. ವಿದ್ಯುತ್ ಬಿಲ್ಲು ಮಾತ್ರ ಇಳಿಯುವುದಿಲ್ಲ!

ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಮಂಗಳೂರಿನ ಗಾಳಿಗಿಂತ ಶೇ. 9ರಿಂದ 10ರಷ್ಟು ಕಡಿಮೆ. ಅಷ್ಟೇ ಸುತ್ತುವ ಫ್ಯಾನ್ ಇಲ್ಲಿ ಅಷ್ಟು ಕಡಿಮೆ ತೂಕದ ಗಾಳಿಯನ್ನು ತಳ್ಳುತ್ತದೆ. ಕೂಲರ್ ತಯಾರಕರ ಪಟ್ಟಿಯಲ್ಲಿನ ಸಾಮರ್ಥ್ಯವನ್ನು ನೋಡಿ ಕೊಳ್ಳುವವರು ಸ್ವಲ್ಪ ದೊಡ್ಡದನ್ನೇ ಆರಿಸಿಕೊಳ್ಳುವುದು ಲೇಸು.

ಉಷ್ಣತೆ ಮತ್ತು ಪ್ರವಾಹ ಸೇರಿ ಪ್ರೊಸೆಸರ್‌ನ ಆಯುಷ್ಯವನ್ನು ಹೇಗೆ ತಿನ್ನುತ್ತವೆ ಎಂಬುದನ್ನು ಅಮೆರಿಕದ ಮೊಟೊರೊಲ ಕಂಪನಿಯ ಜೇಮ್ಸ್ ಬ್ಲ್ಯಾಕ್ 1969ರಲ್ಲಿಯೇ ಸಮೀಕರಣವಾಗಿ ನಿರೂಪಿಸಿದರು. ಎಲೆಕ್ಟ್ರಾನುಗಳ ಹರಿವು ಲೋಹದ ಸೂಕ್ಷ್ಮ ತಂತಿಯ ಅಣುಗಳನ್ನೇ ಸ್ವಲ್ಪಸ್ವಲ್ಪವಾಗಿ ಕೊಚ್ಚಿಕೊಂಡು ಹೋಗುತ್ತದೆ, ಹೊಳೆ ತನ್ನ ದಡವನ್ನು ಕೊರೆಯುವಂತೆ. ಪ್ರವಾಹದ ಸಾಂದ್ರತೆ ಏರಿದಂತೆ ಆಯುಷ್ಯ ವೇಗವಾಗಿ ಕುಗ್ಗುತ್ತದೆ. ಉಷ್ಣತೆ ಏರಿದರೆ ಇನ್ನೂ ತೀವ್ರವಾಗಿ ಕುಗ್ಗುತ್ತದೆ. ತಂಪಾಗಿಟ್ಟರೆ ಎಷ್ಟು ವೋಲ್ಟೇಜಾದರೂ ಕೊಡಬಹುದೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. 2011ರಲ್ಲಿ ಎ.ಎಂ.ಡಿ. ಪ್ರೊಸೆಸರ್ ಒಂದನ್ನು 8.429 ಗಿಗಾಹರ್ಟ್ಸ್‌ಗೂ 2022ರಲ್ಲಿ ಇಂಟೆಲ್‌ನ 13900ಕೆ ಪ್ರೊಸೆಸರನ್ನು 9 ಗಿಗಾಹರ್ಟ್ಸ್‌ಗೂ ಮುಟ್ಟಿಸಿದವರು ದ್ರವ ಹೀಲಿಯಂ ಸುರಿದು ಕೆಲವು ಕ್ಷಣಗಳ ದಾಖಲೆ ಬರೆದರು. ಮರುದಿನ ಅದರಲ್ಲಿ ಇನ್‌ವಾಯ್ಸ್ ಬರೆಯುವ ಉದ್ದೇಶ ಅವರಿಗಿರಲಿಲ್ಲ.

ಹಳೆಯ ಪಾಠಗಳು

ಈ ವಿದ್ಯೆಗೆ ವ್ಯಾಪಾರದ ಕಳಂಕವೂ ಅಂಟಿಕೊಂಡಿದೆ. 1990ರ ದಶಕದಲ್ಲಿ ಕಡಿಮೆ ವೇಗದ ಪ್ರೊಸೆಸರ್‌ಗಳ ಮೇಲಿನ ಗುರುತನ್ನು ಅಳಿಸಿ, ಹೆಚ್ಚಿನ ವೇಗದ ಗುರುತು ಮುದ್ರಿಸಿ ಮಾರುವ ದಂಧೆ ಹಲವು ದೇಶಗಳಲ್ಲಿ ನಡೆಯಿತು. ಇಂಟೆಲ್ ತನ್ನ ಪ್ರೊಸೆಸರ್‌ಗಳ ವೇಗ ಗುಣಕಕ್ಕೆ ಬೀಗ ಹಾಕಿದುದಕ್ಕೆ ಈ ವಂಚನೆಯನ್ನು ತಡೆಯುವುದೂ ಒಂದು ಕಾರಣವಾಗಿತ್ತು. ಬೀಗ ಹಾಕಿದರೂ 1998ರಲ್ಲಿ ಬಂದ ಸೆಲೆರಾನ್ 300ಎ ಜನಪ್ರಿಯವಾಯಿತು. ಅದರ ಗುಣಕ 4.5, ಮದರ್‌ಬೋರ್ಡಿನ ಮೂಲ ವೇಗ 66 ಮೆಗಾಹರ್ಟ್ಸ್ ಇದ್ದಾಗ 300, ಅದನ್ನು 100ಕ್ಕೆ ಏರಿಸಿದರೆ 450 ಮೆಗಾಹರ್ಟ್ಸ್. ಹಲವು ಪಟ್ಟು ಬೆಲೆಯ ಪೆಂಟಿಯಂ 2ರ ವೇಗ ಅಗ್ಗದ ಸೆಲೆರಾನ್‌ನಲ್ಲಿ ದೊರೆಯಿತು. ಓವರ್‌ಕ್ಲಾಕಿಂಗ್ ಎಂದರೆ ಬಿಟ್ಟಿ ಲಾಭ ಎಂಬ ನಂಬಿಕೆ ಅಂಗಡಿಗಳಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿಯೇ.

ಆ ಲಾಭ ಬಂದದ್ದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಆಗ ತಯಾರಕರು ಬೇಡಿಕೆಗೆ ತಕ್ಕಂತೆ ಒಳ್ಳೆಯ ಸರಕನ್ನೂ ಕೆಳ ದರ್ಜೆಯ ಚೀಟಿ ಅಂಟಿಸಿ ಮಾರುತ್ತಿದ್ದರು. ಗ್ರಾಹಕನಿಗೆ ದೊರೆಯುತ್ತಿದ್ದುದು ಬಳಕೆಯಾಗದೆ ಉಳಿದ ಸಾಮರ್ಥ್ಯ. ಇಂದು ಪ್ರೊಸೆಸರ್ ತಾನೇ ತನ್ನ ಉಷ್ಣತೆ ಮತ್ತು ಪ್ರವಾಹವನ್ನು ಅಳೆದುಕೊಂಡು, ಅವಕಾಶವಿದ್ದಷ್ಟು ವೇಗಕ್ಕೆ ಏರುತ್ತದೆ. ಉಳಿಕೆಯ ಬಹುಭಾಗವನ್ನು ಕಾರ್ಖಾನೆಯವರೇ ಮಾರಿಬಿಟ್ಟಿದ್ದಾರೆ. ಗ್ರಾಹಕನಿಗೆ ಬಿಟ್ಟಿರುವ ಅಂಚು ತೀರ ತೆಳು.

ತೆಳುವಾದ ಅಂಚನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2002ರ ಸುಮಾರಿಗೆ ನಾರ್ತ್‌ವುಡ್ ಮಾದರಿಯ ಪೆಂಟಿಯಂ 4 ಪ್ರೊಸೆಸರ್‌ಗಳಿಗೆ 1.7 ವೋಲ್ಟ್ ಮೀರಿ ಕೊಟ್ಟವರ ಯಂತ್ರಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮುನ್ಸೂಚನೆಯಿಲ್ಲದೆ ಸತ್ತವು. 2023ರ ಏಪ್ರಿಲ್‌ನಲ್ಲಿ ಎ.ಎಂ.ಡಿ.ಯ ಎಕ್ಸ್3ಡಿ ಮಾದರಿಯ ರೈಜನ್ 7000 ಪ್ರೊಸೆಸರ್‌ಗಳು ಸುಟ್ಟುಹೋದ ವರದಿಗಳು ಬಂದಾಗ, ಸ್ಮರಣೆಯ ವೇಗವರ್ಧಕ ಆಯ್ಕೆಯನ್ನು ಚಾಲೂ ಮಾಡಿದೊಡನೆ ಕೆಲವು ಮದರ್‌ಬೋರ್ಡುಗಳು ಅತಿಯಾದ ವೋಲ್ಟೇಜ್ ಕೊಡುತ್ತಿದ್ದುದು ಬೆಳಕಿಗೆ ಬಂತು. ಆ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸುವ ಬಯೋಸ್ ತಿದ್ದುಪಡಿಗಳನ್ನು ಹೊರಡಿಸಲಾಯಿತು.

ಎಲ್ಲಕ್ಕಿಂತ ದೊಡ್ಡ ಪ್ರಕರಣ 2024ರದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಸ್ಥಿರತೆಯ ದೂರುಗಳು ವ್ಯಾಪಕವಾದವು. ಮೊದಲು ಬೆರಳು ತೋರಿದ್ದು ಮದರ್‌ಬೋರ್ಡ್ ತಯಾರಕರು ರಕ್ಷಣಾ ಮಿತಿಗಳನ್ನು ತೆರೆದಿಟ್ಟುದರ ಕಡೆಗೆ. ಜುಲೈನಲ್ಲಿ ಕಂಪನಿಯೇ, ಪ್ರೊಸೆಸರ್‌ನೊಳಗಿನ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳುತ್ತಿತ್ತೆಂದು ಪ್ರಕಟಿಸಿತು. ಆಗಸ್ಟ್‌ನಲ್ಲಿ ವೋಲ್ಟೇಜ್ ಕೋರಿಕೆಯನ್ನು 1.55ಕ್ಕೆ ಮಿತಿಗೊಳಿಸುವ ತಿದ್ದುಪಡಿ ಬಂತು; ಸೆಪ್ಟೆಂಬರ್‌ನಲ್ಲಿ ಮೂಲ ಕಾರಣವನ್ನು ವಿವರಿಸಿ ಇನ್ನೊಂದು ತಿದ್ದುಪಡಿ ಬಂತು. ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆಯಲ್ಲಿ ಬಡಿತವನ್ನು ಹಂಚುವ ಒಂದು ಮಂಡಲ ಅಕಾಲದಲ್ಲಿ ಮುಪ್ಪಾಗಿ, ಪ್ರೊಸೆಸರ್ ಸ್ಥಿರವಾಗಿರಲು ಬೇಕಾದ ಕನಿಷ್ಠ ವೋಲ್ಟೇಜೇ ಮೇಲಕ್ಕೆ ಸರಿಯುತ್ತಿತ್ತು. ಓವರ್‌ಕ್ಲಾಕ್ ಮಾಡದವರ ಯಂತ್ರಗಳೂ ಇದಕ್ಕೆ ಗುರಿಯಾದವು. ಈಗಾಗಲೇ ಹಾನಿಗೊಂಡ ಪ್ರೊಸೆಸರನ್ನು ಯಾವ ತಿದ್ದುಪಡಿಯೂ ಗುಣಪಡಿಸಲಾರದು.

ಖರ್ಚು-ಲಾಭದ ತಖ್ತೆ

ಗಂಗಾನಗರದ ಒಂದು ನಕ್ಷಾ ಕಚೇರಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಒಂದು ಕಟ್ಟಡದ ಚಿತ್ರವನ್ನು ರೆಂಡರ್ ಮಾಡಲು ಸಾಧಾರಣ ವೇಗದಲ್ಲಿ 10 ಗಂಟೆ ಬೇಕು. ಶೇ. 15ರಷ್ಟು ವೇಗ ಹೆಚ್ಚಿದರೆ, ಎಲ್ಲವೂ ಅನುಕೂಲವಾಗಿ ನಡೆದಲ್ಲಿ, 8.7 ಗಂಟೆ ಸಾಕು. ಉಳಿತಾಯ 1.3 ಗಂಟೆ. ವಿದ್ಯುತ್ತಿನ ಲೆಕ್ಕದಲ್ಲಿ ಮೊದಲಿಗೆ 1.25 ಯೂನಿಟ್, ನಂತರ 1.51 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವ್ಯತ್ಯಾಸ ಎರಡು ರೂಪಾಯಿ ಚಿಲ್ಲರೆ. ವಿದ್ಯುತ್ ಬಿಲ್ಲಿನ ಭಯದಿಂದ ಓವರ್‌ಕ್ಲಾಕಿಂಗನ್ನು ವಿರೋಧಿಸುವವರು ಈ ಅಂಕಿಯನ್ನು ನೋಡಬೇಕು. ಅದು ನಗಣ್ಯ.

ನಿಜವಾದ ವೆಚ್ಚ ಬೇರೆಡೆ ಇದೆ. ರೆಂಡರ್ ಕೊನೆಯ ಹಂತದಲ್ಲಿ ನಿಂತುಹೋದರೆ 8.7 ಗಂಟೆಯೂ ವ್ಯರ್ಥ. ಏಳು ಕೆಲಸಗಳಲ್ಲಿ ಒಂದು ಹೀಗೆ ಕೆಟ್ಟರೆ ಏಳು ಕೆಲಸಗಳಿಂದ ಉಳಿಸಿದ 9.1 ಗಂಟೆ ಹೆಚ್ಚುಕಡಿಮೆ ಅಲ್ಲಿಗೇ ಸರಿಹೋಯಿತು. ಬೆಳಿಗ್ಗೆ ಹತ್ತಕ್ಕೆ ಚಿತ್ರ ಒಪ್ಪಿಸಬೇಕಾದ ಗ್ರಾಹಕನ ಮುಂದೆ ನಿಲ್ಲುವ ಪ್ರಸಂಗಕ್ಕೆ ಬೆಲೆ ಕಟ್ಟಿಲ್ಲ. ದೊಡ್ಡ ಕೂಲರ್, ಉತ್ತಮ ಮದರ್‌ಬೋರ್ಡ್, ಹೆಚ್ಚು ಸಾಮರ್ಥ್ಯದ ಪವರ್ ಸಪ್ಲೈ ಇವುಗಳಿಗೆ ತೆತ್ತ ಹಣವನ್ನು ಕೂಡಿಸಿ, ಅದೇ ಹಣಕ್ಕೆ ಮುಂದಿನ ದರ್ಜೆಯ ಪ್ರೊಸೆಸರ್ ಬರುತ್ತಿತ್ತೇ ಎಂದು ಮೊದಲು ನೋಡಬೇಕು. ಅನೇಕ ಸಲ ಬರುತ್ತದೆ, ಅದೂ ವಾರಂಟಿ ಸಮೇತ.

ಇನ್ನೊಂದು ಪಕ್ಷದ ವಾದವನ್ನೂ ಹೇಳಬೇಕು. ಕಂಪನಿ ಕಾಯ್ದೆ 2013ರ ಎರಡನೆಯ ಅನುಸೂಚಿಯು ಡೆಸ್ಕ್‌ಟಾಪ್ ಗಣಕಯಂತ್ರಗಳ ಉಪಯುಕ್ತ ಆಯುಷ್ಯವನ್ನು 3 ವರ್ಷವೆಂದೂ ಸರ್ವರ್‌ಗಳದನ್ನು 6 ವರ್ಷವೆಂದೂ ಗುರುತಿಸಿದೆ. ಮೂರು ವರ್ಷಕ್ಕೆ ಬದಲಿಸುವ ಯಂತ್ರದ ಆಯುಷ್ಯ ಹದಿನೈದರಿಂದ ಎಂಟು ವರ್ಷಕ್ಕೆ ಇಳಿದರೆ ನಷ್ಟವೇನು ಎಂದು ಕೇಳುವವನ ಮಾತಿನಲ್ಲಿ ತೂಕವಿದೆ. ವಿಡಿಯೊ ಸಂಕಲನದಂತಹ, ತಪ್ಪಾದರೆ ಕಣ್ಣಿಗೆ ಕಾಣುವ ಕೆಲಸಕ್ಕೆ ಮಿತವಾದ ಅತಿವೇಗವನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಲೆಕ್ಕಪತ್ರ, ಸರಕು ದಾಸ್ತಾನು, ಜಿ.ಎಸ್.ಟಿ. ವಿವರಣೆ, ಸಂಬಳ ಪಟ್ಟಿ ಇರುವ ಯಂತ್ರವನ್ನು ಮುಟ್ಟಕೂಡದು. ಅಂಚಿನಲ್ಲಿ ಓಡುವ ಪ್ರೊಸೆಸರ್ ಯಾವಾಗಲೂ ನೀಲಿ ಪರದೆ ತೋರಿಸಿ ನಿಲ್ಲುತ್ತದೆಂಬ ನಿಯಮವಿಲ್ಲ. ಕೆಲವೊಮ್ಮೆ ಒಂದು ಅಂಕಿಯನ್ನು ತಪ್ಪಾಗಿ ಬರೆದು ಮುಂದೆ ಸಾಗುತ್ತದೆ. ಆ ತಪ್ಪು ಬ್ಯಾಕಪ್ಪಿಗೂ ಇಳಿಯುತ್ತದೆ. ಅಂತಹ ಯಂತ್ರಗಳಿಗೆ ಪ್ರೊಸೆಸರ್ ವೇಗದಿಂದ ದೊರೆಯುವ ಪ್ರಯೋಜನವೂ ಅತ್ಯಲ್ಪ. ಒಂದು ಒಳ್ಳೆಯ ಎಸ್.ಎಸ್.ಡಿ. ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾರುವವನ ಹೊಣೆ

ತಯಾರಕರ ವಾರಂಟಿಯ ಷರತ್ತು ಸ್ಪಷ್ಟವಿದೆ: ನಿಗದಿತ ಮಿತಿಯಾಚೆ ಚಲಾಯಿಸಿದುದರಿಂದ ಆದ ಹಾನಿಗೆ ರಕ್ಷಣೆಯಿಲ್ಲ. ಬೀಗ ತೆರೆದ ಪ್ರೊಸೆಸರ್ ಮಾರುವುದು, ಓವರ್‌ಕ್ಲಾಕ್ ತಂತ್ರಾಂಶವನ್ನು ತಾವೇ ಒದಗಿಸುವುದು, ಹಾನಿಯಾದರೆ ಹೊಣೆಯಿಲ್ಲವೆನ್ನುವುದು ಇವೆಲ್ಲ ಒಟ್ಟಿಗೆ ನಡೆಯುತ್ತಿವೆ. ಇಂಟೆಲ್ 2012ರಲ್ಲಿ ಇದಕ್ಕಾಗಿ ಹೆಚ್ಚುವರಿ ಶುಲ್ಕದ ಪ್ರತ್ಯೇಕ ರಕ್ಷಣಾ ಯೋಜನೆಯೊಂದನ್ನು ಆರಂಭಿಸಿ 2021ರಲ್ಲಿ ನಿಲ್ಲಿಸಿತು.

ಎಸ್.ಪಿ. ರಸ್ತೆಯಲ್ಲಾಗಲಿ ಬಡಾವಣೆಯ ಅಂಗಡಿಯಲ್ಲಾಗಲಿ ಯಂತ್ರ ಜೋಡಿಸಿಕೊಡುವ ವರ್ತಕರು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 86ನೇ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಉತ್ಪನ್ನ ಹೊಣೆಗಾರಿಕೆಯ ಈ ಅಧ್ಯಾಯ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ತಯಾರಕನಲ್ಲದ ಮಾರಾಟಗಾರನೂ, ತಾನು ಉತ್ಪನ್ನವನ್ನು ಮಾರ್ಪಡಿಸಿದ್ದು ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ ಹೊಣೆಗಾರನಾಗುತ್ತಾನೆ. ತಯಾರಕರದಕ್ಕಿಂತ ಬೇರೆಯಾದ ಭರವಸೆಯನ್ನು ತಾನೇ ಕೊಟ್ಟು ಅದು ಸುಳ್ಳಾದರೂ, ಜೋಡಣೆಯಲ್ಲಿ ಯುಕ್ತ ಎಚ್ಚರ ವಹಿಸದಿದ್ದರೂ, ತಯಾರಕರ ಎಚ್ಚರಿಕೆಗಳನ್ನು ಗ್ರಾಹಕನಿಗೆ ದಾಟಿಸದಿದ್ದರೂ ಹಾಗೆಯೇ. ಇಲ್ಲಿ ಹಾನಿ ಎಂಬ ಪದದ ವ್ಯಾಪ್ತಿಯಲ್ಲಿ ಆ ಉತ್ಪನ್ನಕ್ಕೇ ಆದ ಕೇಡು ಸೇರುವುದಿಲ್ಲ. ಪವರ್ ಸಪ್ಲೈ ಹೊತ್ತಿ ಮೇಜು ಸುಟ್ಟರೆ ಅದು ಸೇರುತ್ತದೆ. ಪ್ರೊಸೆಸರ್ ಮಾತ್ರ ಸತ್ತರೆ ಅದು ದೋಷಯುಕ್ತ ಸರಕಿನ ಸಾಮಾನ್ಯ ದೂರಾಗುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಸಾಮಾನ್ಯವಾಗಿ ಗ್ರಾಹಕನ ವ್ಯಾಖ್ಯೆಗೆ ಬರುವುದಿಲ್ಲವಾದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವನು ಬರುತ್ತಾನೆ. ಗಂಗಾನಗರದ ಏಕವ್ಯಕ್ತಿ ವಿನ್ಯಾಸಕಾರನನ್ನು ಈ ದೃಷ್ಟಿಯಿಂದ ನೋಡಬೇಕು.

ಆದ್ದರಿಂದ ಓವರ್‌ಕ್ಲಾಕ್ ಮಾಡಿ ಕೊಡುವುದಾದರೆ ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕ ಸೇವೆಯಾಗಿ ನಮೂದಿಸಿ, ಮೂಲ ವೇಗ, ಕೊಟ್ಟ ವೇಗ, ಕೊಟ್ಟ ವೋಲ್ಟೇಜ್, ಪರೀಕ್ಷೆಯಲ್ಲಿ ಮುಟ್ಟಿದ ಗರಿಷ್ಠ ಉಷ್ಣತೆ ಮತ್ತು ಆ ವೇಳೆಯ ಕೊಠಡಿಯ ಉಷ್ಣತೆಯನ್ನು ಬರೆದು ಗ್ರಾಹಕನ ಸಹಿ ಪಡೆಯಬೇಕು. ವಿಮೆ ಇರುವ ಗ್ರಾಹಕರು ತಮ್ಮ ವಿಮಾ ಕಂಪನಿಯನ್ನು ಲಿಖಿತವಾಗಿ ಕೇಳಿಕೊಳ್ಳುವುದೂ ಅಗತ್ಯ.

ಕ್ರಮ

ಕೆಲಸ ಮಾಡುವ ರೀತಿಯಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು. ಮೊದಲು ಎಲ್ಲವನ್ನೂ ತಯಾರಕರ ಮೂಲಸ್ಥಿತಿಗೆ ತಂದು, ಬಯೋಸನ್ನು ಇತ್ತೀಚಿನ ಆವೃತ್ತಿಗೆ ಏರಿಸಿ, ಪೂರ್ಣ ಹೊರೆಯಲ್ಲಿ ಉಷ್ಣತೆ ಮತ್ತು ವೋಲ್ಟೇಜನ್ನು ಬರೆದಿಡಬೇಕು. ಅನಂತರ ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಏರಿಸುತ್ತ, ಅಸ್ಥಿರತೆ ಕಂಡಾಗ ಮಾತ್ರ ವೋಲ್ಟೇಜನ್ನು 0.025 ವೋಲ್ಟಿನಂತೆ ಏರಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ತಿಳಿಯದು. ಆಟೋ ಎಂಬ ಆಯ್ಕೆಗೆ ವೋಲ್ಟೇಜನ್ನು ಬಿಡಬಾರದು, ಅದು ಧಾರಾಳಿ. ಪ್ರೈಮ್ 95ರಂತಹ ತಂತ್ರಾಂಶದಿಂದ ಒಂದು ರಾತ್ರಿ ಪೂರ್ತಿ, ಏರ್ ಕಂಡಿಷನರ್ ಆರಿಸಿ ಪರೀಕ್ಷಿಸಬೇಕು. ಚಳಿಗಾಲದಲ್ಲಿ ಪರೀಕ್ಷಿಸಿದರೆ ಬೇಸಿಗೆಗಾಗಿ ಹತ್ತು ಡಿಗ್ರಿಯನ್ನು ಕಾಯ್ದಿರಿಸಬೇಕು. ಪರೀಕ್ಷೆಯಲ್ಲಿ 85 ಡಿಗ್ರಿ ದಾಟಿತೆಂದರೆ ಅಲ್ಲಿಂದ ಎರಡು ಹೆಜ್ಜೆ ಹಿಂದೆ ಬರುವುದೇ ಸರಿ.

ಅಂಗಡಿಗಳಲ್ಲಿ ಹೆಚ್ಚು ಪ್ರಚಾರ ಪಡೆಯದ ಇನ್ನೊಂದು ದಾರಿಯುಂಟು: ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಇಳಿಸುವುದು. ಅದೇ 125 ವಾಟ್ ಪ್ರೊಸೆಸರ್ 1.20ರ ಬದಲು 1.10 ವೋಲ್ಟಿನಲ್ಲಿ ಸ್ಥಿರವಾಗಿ ನಿಂತರೆ ಬಳಕೆ ಸುಮಾರು 105 ವಾಟಿಗೆ ಇಳಿಯುತ್ತದೆ, ಉಷ್ಣತೆ ಆರು ಡಿಗ್ರಿ ತಗ್ಗುತ್ತದೆ, ಫ್ಯಾನಿನ ಸದ್ದೂ ಅಡಗುತ್ತದೆ. ಬೇಸಿಗೆಯ ಮಧ್ಯರಾತ್ರಿಯಲ್ಲಿ ವೇಗ ಇಳಿಸಿಕೊಳ್ಳದೆ ಓಡುವ ಇಂತಹ ಯಂತ್ರ ಕೆಲವೊಮ್ಮೆ ಅತಿವೇಗದ ಯಂತ್ರಕ್ಕಿಂತ ಮೊದಲೇ ಕೆಲಸ ಮುಗಿಸುತ್ತದೆ. ಇದಕ್ಕೂ ಅಷ್ಟೇ ಪರೀಕ್ಷೆ ಅಗತ್ಯ. ವೋಲ್ಟೇಜ್ ಅತಿಯಾಗಿ ಇಳಿದರೂ ಲೆಕ್ಕ ತಪ್ಪುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ತಪ್ಪಿದರೆ ಮೂಲಸ್ಥಿತಿಗೆ ಮರಳಿದರಾಯಿತು, ಪ್ರೊಸೆಸರ್‌ಗೆ ಕೇಡಿಲ್ಲ.

13 ಮತ್ತು 14ನೇ ಪೀಳಿಗೆಯ ಇಂಟೆಲ್ ಯಂತ್ರಗಳನ್ನು ಮಾರಿದವರಿಗೂ ಕೊಂಡವರಿಗೂ ಒಂದು ಕೆಲಸ ಬಾಕಿಯಿದೆ. 2024ರ ಆಗಸ್ಟ್‌ನಲ್ಲಿ ಕಂಪನಿ ಈ ಪೀಳಿಗೆಗಳ ಬಾಧಿತ ಮಾದರಿಗಳ ಬಾಕ್ಸ್ ಪ್ರೊಸೆಸರ್‌ಗಳಿಗೆ ವಾರಂಟಿಯನ್ನು 2 ವರ್ಷ ವಿಸ್ತರಿಸಿ, ಖರೀದಿಯ ದಿನದಿಂದ ಒಟ್ಟು 5 ವರ್ಷ ಮಾಡಿತು. 2022ರ ಡಿಸೆಂಬರ್‌ನಲ್ಲಿ ಕೊಂಡ 13900ಕೆ ಪ್ರೊಸೆಸರ್‌ಗೆ ಈ ಅವಧಿ 2027ರ ಡಿಸೆಂಬರ್‌ವರೆಗೆ ನಡೆಯುತ್ತದೆ. ಬಾಕ್ಸ್ ಇಲ್ಲದೆ ಟ್ರೇ ರೂಪದಲ್ಲಿ ಬಂದವಕ್ಕೆ ಯಂತ್ರ ತಯಾರಕರನ್ನು ಅಥವಾ ಮಾರಿದವರನ್ನು ಸಂಪರ್ಕಿಸಬೇಕು. ಮಾರಾಟ ದಾಖಲೆಗಳನ್ನು ತೆರೆದು ಆ ಸರಣಿಯ ಯಂತ್ರಗಳ ಪಟ್ಟಿ ಮಾಡಿ, ಗ್ರಾಹಕರಿಗೆ ಬಯೋಸ್ ತಿದ್ದುಪಡಿಯ ವಿಷಯ ತಿಳಿಸಿ, ಕಾರಣವಿಲ್ಲದೆ ನಿಲ್ಲುವ ಯಂತ್ರಗಳ ಮೂಲ ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಈಗಲೇ ತೆಗೆದಿಟ್ಟುಕೊಳ್ಳುವುದು ಉಚಿತ.